ಒಂದನೆತ್ತಕ್ಕೆ (ಒಂದನೇ ತರಗತಿಗೆ) ಹಚ್ಚೋದು: ವಯಸ್ಸು, ಹೆಸರು, ನಲಿಕಲಿ (ಸಿಂಧನೂರು ಕಡೆ)

ಕ್ಯಾಂಪ್‌ಮನಿ ಕೇಳಿದ್ದು:

ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪ್‌ನಾಗ (ಆಂಧ್ರದಿಂದ ಬಂದ ರೈತರು ನೆಲಸಿದ ಸಣ್ಣ ಊರು) ಇದೀವಿ. ಮಗಳಿಗೆ ಬರೋ ಜೂನ್ 1ಕ್ಕೆ 5 ವರ್ಷ 8 ತಿಂಗಳು ಆಗತೈತಿ. ಈಗ ಅಂಗನವಾಡಿಗೆ ಹೊಂಟಾಳ. ಮನ್ಯಾಗ ತೆಲುಗು, ಹೊರಗ ಕನ್ನಡ. ಹೆರಿಗಿ ಆಗಿದ್ದು ತವರುಮನಿ ಆದೋನ್ಯಾಗ, ಹಂಗಾಗಿ ಜನನ ಪ್ರಮಾಣಪತ್ರ ಆಂಧ್ರದ್ದು. ಕ್ಯಾಂಪ್ ಸಾಲಿ ಸರ್ಕಾರಿ ಕನ್ನಡ ಮಾಧ್ಯಮ, 5ನೇತ್ತದ ತನಕ ಮಾತ್ರ ಐತಿ. ಪ್ರಶ್ನಿ ನಾಕು:

ಈ ವರ್ಷನ ಒಂದನೆತ್ತಕ್ಕೆ ಹಚ್ಚಬಹುದಾ? ದಾಖಲಾತಿ ಮುಂಚೆ ಯಾವ ಕಾಗದ ಸರಿ ಮಾಡಿಸ್ಕೋಬೇಕು? ಮನ್ಯಾಗ ಅ ಆ ಇ ಈ ತಿದ್ದಿಸ್ತಿದೀವಿ, ಸಾಲ್ಯಾಗ ಬ್ಯಾರೆ ತರ ಕಲಸ್ತಾರ ಅಂತಾರ, ಹೌದಾ? ಮತ್ತ 5 ಮುಗದ ಮ್ಯಾಲ ಮುಂದಿನ ದಾರಿ ಏನು?

ಹಾಜರಿಪುಸ್ತಕ ಉತ್ತರಿಸಿದ್ದು:

ವಯಸ್ಸಿನದು ಮೊದಲು. 2022ರ ಆದೇಶದ ಪ್ರಕಾರ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ಕ್ಕೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು, ಅದೂ ಯುಕೆಜಿ ಮುಗಿಸಿದ ಮಕ್ಕಳಿಗೆ, ಅದೊಂದು ವರ್ಷಕ್ಕೆ ಅಂತ ಹೇಳಿಯೇ. ನಿಮ್ಮ ಮಗಳು ಅಂಗನವಾಡಿಯಲ್ಲಿ ಇರೋದರಿಂದ ಆ ಸಡಿಲಿಕೆ ನೆಚ್ಚಿಕೊಂಡು ಕೂರಬೇಡಿ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಇದೆಯಾ ವಿಚಾರಿಸಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ದುಡ್ಡಿನಲ್ಲಿ ಅಕ್ಷರ ಆವಿಷ್ಕಾರ ಯೋಜನೆಯಡಿ ಎಷ್ಟೋ ಶಾಲೆಗಳಲ್ಲಿ ಶುರುವಾಗಿದೆ. ಇಲ್ಲದಿದ್ದರೆ ಅಂಗನವಾಡಿಯಲ್ಲೇ ಇನ್ನೊಂದು ವರ್ಷ ಇರಲಿ. ಆರಕ್ಕೆ ನಾಲ್ಕು ತಿಂಗಳು ಕಡಿಮೆ ಇರುವ ಮಗು ಒಂದನೇ ತರಗತಿಯ ಕೋಣೆಯಲ್ಲಿ ಬರೆಯುವ ಹೊತ್ತಿಗೆ ಕೈ ಸೋತು ಕೂತಿರುತ್ತೆ, ಬುದ್ಧಿ ಕಡಿಮೆ ಅಂತ ಹಣೆಪಟ್ಟಿ ಬೀಳುತ್ತೆ. ವರ್ಷ ಉಳಿಸೋದರಿಂದ ಬರುವ ಲಾಭ ಏನೂ ಇಲ್ಲ.

ಯಾರಾದರೂ "ತಾರೀಖು ಸ್ವಲ್ಪ ಹಿಂದೆ ಹಾಕಿ ಬರಕೊಳ್ಳೋಣ" ಅಂದರೆ ಒಪ್ಪಲೇಬೇಡಿ. ನಮ್ಮ ಭಾಗದಲ್ಲಿ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದ್ದು ಇದೇ ಕಾರಣಕ್ಕೆ. ಆಗ ಜನನ ಪತ್ರ ಯಾರೂ ಕೇಳುತ್ತಿರಲಿಲ್ಲ, ಮಾಸ್ತರು ತಲೆ ಮೇಲಿಂದ ಕೈ ಹಾಯಿಸಿ ಕಿವಿ ಮುಟ್ಟಿಸಿ ಬರಕೊಳ್ಳುತ್ತಿದ್ದರು. ಈಗ ಜನನ ಪತ್ರ, ಆಧಾರ್, ಶಾಲಾ ದಾಖಲೆ ಮೂರೂ ಒಂದಕ್ಕೊಂದು ತಾಳೆ ನೋಡುತ್ತವೆ. ದಾಖಲಾತಿ ರಿಜಿಸ್ಟರಿನಲ್ಲಿ ಕೂತ ತಾರೀಖನ್ನು ಆಮೇಲೆ ತಿದ್ದಿಸಲು ಕೋರ್ಟಿನ ತನಕ ಹೋಗಬೇಕಾಗುತ್ತೆ.

ಕಾಗದಗಳ ವಿಷಯದಲ್ಲಿ ಕ್ರಮ ಮುಖ್ಯ. ಜನನ ಪತ್ರ ಮೊದಲು, ಆಧಾರ್ ಎರಡನೇದು, ಶಾಲೆ ಮೂರನೇದು. ಹೆಚ್ಚಿನವರು ಇದನ್ನ ತಿರುಗಾಮುರುಗಾ ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಜನನ ಪತ್ರ ಎದುರಿಗೆ ಇಟ್ಟುಕೊಂಡು ಮಗುವಿನ ಹೆಸರಿನ ಸಾಲು ನೋಡಿ. ಎಷ್ಟೋ ಪತ್ರಗಳಲ್ಲಿ ಆ ಸಾಲು ಖಾಲಿ ಇರುತ್ತೆ, ಯಾಕಂದರೆ ಆಸ್ಪತ್ರೆಯಿಂದ ನೋಂದಣಿ ಹೋಗುವಾಗ ತೊಟ್ಟಿಲು ಶಾಸ್ತ್ರವೇ ಆಗಿರಲ್ಲ. ಹುಟ್ಟಿ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದ ತನಕ ತಡ ಶುಲ್ಕ ಕಟ್ಟಿ ಸೇರಿಸಬಹುದು. ಸೇರಿಸುವವರು ಹುಟ್ಟಿದ ಊರಿನ ನೋಂದಣಾಧಿಕಾರಿಯೇ, ನೀವು ಈಗ ಇರುವ ಊರಿನವರಲ್ಲ. ಅಂದರೆ ನಿಮ್ಮ ಕೆಲಸ ಆದೋನಿಯಲ್ಲೇ ಆಗಬೇಕು, ಸಿಂಧನೂರಿನಲ್ಲಿ ಎಷ್ಟು ಅಲೆದರೂ ಆಗಲ್ಲ.

ಆಧಾರ್: 5 ವರ್ಷದೊಳಗೆ ಮಾಡಿಸಿದ ನೀಲಿ ಕಾರ್ಡ್ ಆಗಿದ್ದರೆ ಬೆರಳು, ಕಣ್ಣು ಕೊಟ್ಟಿರಲ್ಲ. 5 ತುಂಬಿದ ಮೇಲೆ ಬಯೋಮೆಟ್ರಿಕ್ ಕಡ್ಡಾಯ, 5ರಿಂದ 7ರೊಳಗೆ ಮಾಡಿಸಿದರೆ ಉಚಿತ. ಇದಕ್ಕೆ ಹೋದಾಗಲೇ ಹೆಸರು, ತಾರೀಖು ಜನನ ಪತ್ರದಂತೆ ಇದೆಯಾ ಪರದೆ ಮೇಲೆ ನೋಡಿ, ಬೇಕಾದರೆ ಅಲ್ಲೇ ತಿದ್ದಿಸಿ. ಹುಟ್ಟಿದ ತಾರೀಖು ಆಧಾರ್‌ನಲ್ಲಿ ಒಂದೇ ಸಲ ಬದಲಾಯಿಸಲು ಬಿಡುತ್ತಾರೆ, ಹೆಸರು ಎರಡು ಸಲ. ಆ ಅವಕಾಶವನ್ನ ಅಂದಾಜಿನ ಮೇಲೆ ಕಳೆಯಬೇಡಿ.

ಶಾಲೆ: ದಾಖಲಾದ ಕೂಡಲೇ ಸ್ಯಾಟ್ಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಮಗುವಿನ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಏರುತ್ತೆ. ಅಲ್ಲಿ ಸಿಗುವ ಸಂಖ್ಯೆ ಶಾಲೆ ಬದಲಾದರೂ ಮಗುವಿನ ಜೊತೆಗೇ ಹೋಗುತ್ತೆ. ಇದರ ಮೇಲೆ ಈಗ 12 ಅಂಕಿಯ ಅಪಾರ್ ಐಡಿ (ಇಡೀ ದೇಶಕ್ಕೆ ನಡೆಯುವ ವಿದ್ಯಾರ್ಥಿ ಸಂಖ್ಯೆ) ಬೇರೆ ಬಂದಿದೆ. ಶಾಲಾ ದಾಖಲೆಯ ಹೆಸರು, ತಾರೀಖು, ಲಿಂಗ ಆಧಾರ್‌ಗೆ ಹೊಂದದಿದ್ದರೆ ಅಪಾರ್ ಆಗಲ್ಲ. ನಮ್ಮಲ್ಲಿ ತೊಡಕು ಬರುವುದು ಮೂರು ಕಡೆ. ಒಂದು, ಇನಿಷಿಯಲ್: ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಶಾಲೆಯಲ್ಲಿ ಬರೀ ಒಂದಕ್ಷರ. ಎರಡು, ಅಡ್ಡಹೆಸರು: ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ತೆಲುಗು ಮನೆಗಳಲ್ಲಿ ಇಂಟಿಪೇರು (ಮನೆತನದ ಹೆಸರು) ಮುಂದೆ ಬರೋದರಿಂದ ಇದು ಇನ್ನೂ ಜಾಸ್ತಿ. ಮೂರು, ಇಂಗ್ಲಿಷ್ ಸ್ಪೆಲ್ಲಿಂಗ್: ಬಸವರಾಜ ಅನ್ನೋ ಒಂದೇ ಹೆಸರನ್ನ ಕೊನೆಗೆ 'ಎ' ಹಾಕಿ, ಹಾಕದೆ, ನಡುವಿನ 'ಎ' ನುಂಗಿ ಮೂರು ತರ ಬರೀತಾರೆ. ಮನೆಯಲ್ಲೇ ಒಂದು ಚೀಟಿಯ ಮೇಲೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡಕ್ಷರದಲ್ಲಿ ಬರೆದು ದಾಖಲಾತಿ ದಿನ ಮುಖ್ಯ ಗುರುಗಳ ಕೈಗೆ ಕೊಡಿ. ಬಾಯಲ್ಲಿ ಹೇಳಿ ಬರೆಸಬೇಡಿ. ರಿಜಿಸ್ಟರಿಗೆ ಸಹಿ ಹಾಕುವ ಮುಂಚೆ ಅದೇ ಚೀಟಿ ಇಟ್ಟು ತಾಳೆ ನೋಡಿ.

ಕಾಗದ ಪೂರ್ತಿ ಆಗಿಲ್ಲ ಅಂತ ಶಾಲೆ ಮಗುವನ್ನ ವಾಪಸ್ ಕಳಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ವಯಸ್ಸಿನ ದಾಖಲೆ ಇಲ್ಲದ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದು ಅನ್ನುತ್ತೆ. ಆದರೆ ಅದು ಕಾನೂನಿನ ಮಾತು. ವ್ಯವಹಾರಕ್ಕೆ ಮೇಲಿನ ಕ್ರಮವೇ ಸಲೀಸು.

ರಗಸದಅ ಉತ್ತರಿಸಿದ್ದು:

ಮೂರನೇ ಪ್ರಶ್ನಿಗೆ ನಾ ಹೇಳ್ತೀನ್ರಿ. ಹೌದು, ಬ್ಯಾರೆ ತರಾನ.

ಸರ್ಕಾರಿ ಕನ್ನಡ ಸಾಲ್ಯಾಗ 1ರಿಂದ 3ರ ತನಕ ನಲಿಕಲಿ, ಅಂದ್ರ ಕಾರ್ಡು ಹಿಡಕೊಂಡು ಗುಂಪಿನ್ಯಾಗ ಆಡಕೋತ ಕಲಿಯೂ ಪದ್ಧತಿ. ಮೂರೂ ಕ್ಲಾಸಿನ ಹುಡುಗ್ರು ಒಂದ ಕ್ವಾಣ್ಯಾಗ ಕೂಡ್ತಾರ. ಅಕ್ಷರ ಶುರುವಾಗೋದು ಅ ಆ ಇ ಈ ಇಂದ ಅಲ್ಲ, ರ ಗ ಸ ದ ಅ ಇಂದ. ಅದರ ಹಿಂದ ಜ ವ ಮ ಬ ನ. ಕಾರಣ ಎರಡು. ಕೈಗೆ: ರ ಬರೆದ ಕೈ ಸಣ್ಣ ಬದಲಾವಣಿಯೊಳಗ ಗ, ಸ, ದ ಬರೀತೈತಿ, ಗುಂಡಾಕಾರ ಒಂದ ಜಾತೀದು. ಬಾಯಿಗೆ: ಐದಕ್ಷರ ಬಂದ ಕೂಡ್ಲೇ ಓದಾಕ ಶಬ್ದ ಸಿಗತಾವ. ಸರ, ಅರಸ, ಅಗಸ, ದರ. ಇನ್ನೈದು ಸೇರಿದರ ಮರ, ವನ, ಬಸವ, ಅವರ, ಜನ. ವರ್ಣಮಾಲಿ ಕ್ರಮದಾಗ ಹೋದ್ರ ಅ ಆ ಇ ಈ ಉ ಊ ಋ ಆರೇಳು ಅಕ್ಷರ ಕಲತ್ರೂ ಓದಾಕ ಒಂದು ಮಾತು ಸಿಗೂದಿಲ್ಲ. ಋ ಯಾವ ಆರು ವರ್ಷದ ಕೂಸಿಗೆ ಬೇಕ್ರಿ?

ಹಂಗಾಗಿ ಮನ್ಯಾಗ ಅ ಆ ತಿದ್ದಿಸೂದು ತಪ್ಪಲ್ಲ, ಆದ್ರ ಸಾಲಿ ಶುರುವಾದ ಮ್ಯಾಲ ನಿಲ್ಲಿಸಿ ಅಲ್ಲಿ ಕ್ರಮ ಹಿಡೀರಿ. ಎರಡೂ ಕೂಡಿ ನಡೆದ್ರ ಕೂಸು ಅಕ್ಷರಾನ ಹಾಡಿನ ಸಾಲಿನಂಗ ಬಾಯಿಪಾಠ ಹೇಳತೈತಿ, ಬಿಡಿಯಾಗಿ ತೋರಿಸಿದ್ರ ಗುರುತು ಹಿಡಿಯೂದಿಲ್ಲ. ಪರೀಕ್ಷಾ ಮಾಡಾಕ ಸುಲಭ ದಾರಿ: ಪಾಟಿ ಮ್ಯಾಲ ಸ, ರ, ದ ಮೂರು ಬರೆದು, ನಡುವಿಂದ ಕೇಳ್ರಿ. ಮೊದಲಿಂದ ಗುಣಗುಣ ಶುರುಮಾಡಿದ್ರ ಅದು ಬಾಯಿಪಾಠ.

ಕ್ವಾಣ್ಯಾಗ ಐದು ತಟ್ಟಿ ಇರತಾವ, ಅಂದ್ರ ಐದು ಗುಂಪು. ಮೊದಲನೇ ತಟ್ಟ್ಯಾಗ ಅಕ್ಕೋರು ಪೂರ್ತಿ ಕೂತು ಕಲಸ್ತಾರ, ಎರಡನೇದ್ರಾಗ ಅರ್ಧ ಸಹಾಯ, ಮೂರು ನಾಕರಾಗ ಜೊತಿ ಹುಡುಗ್ರ ಸಹಾಯ, ಐದನೇದ್ರಾಗ ತಾನ ಮಾಡಬೇಕು. ಕಾರ್ಡಿನ ಮ್ಯಾಲ ಪ್ರಾಣಿ, ಹಕ್ಕಿ, ವಾಹನದ ಚಿತ್ರ ಇರತೈತಿ, ಗ್ವಾಡಿ ಮ್ಯಾಲಿನ ಕಲಿಕಾ ಏಣ್ಯಾಗ ಅದ ಚಿತ್ರ ಹುಡಿಕಿ ಮುಂದಿನ ಮೆಟ್ಟಲು ಯಾವುದು ಅಂತ ಕೂಸ ನೋಡಕೋತೈತಿ. ಬಾಗಲದಾಗ ನಿಂತು ನೋಡಿದವರಿಗೆ "ಅಕ್ಕೋರು ಒಂದ ಕಡೆ ಕೂತಾರ, ಉಳದ ಹುಡುಗ್ರು ಆಡಕೋತ ಅದಾವ" ಅನಸತೈತಿ. ಅದು ಪದ್ಧತಿ. ನೀವು ಕೇಳಬೇಕಾದ್ದು "ಎಷ್ಟನೇ ಪಾಠ ಆತು" ಅಂತಲ್ಲ, "ನಮ್ಮ ಹುಡುಗಿ ಯಾವ ಮೈಲಿಗಲ್ಲಿನ ಮ್ಯಾಲ ಅದಾಳ, ಯಾವ ತಟ್ಟ್ಯಾಗ ಕೂಡ್ತಾಳ" ಅಂತ. ಪ್ರಗತಿ ನೋಟ ಅಂತ ಗ್ವಾಡಿಗೆ ಇರತೈತಿ, ನೋಡಿದ್ರ ತಿಳೀತೈತಿ. ಭಾಳ ದಿನ ಒಂದ ಮೆಟ್ಟಲಿಗೆ ನಿಂತಿದ್ರ ಮೊದಲು ಹಾಜರಿ ನೋಡ್ರಿ. ನಲಿಕಲಿಯೊಳಗ ತಪ್ಪಿಸಿದ ಕೂಸು ಬಿಟ್ಟಲ್ಲಿಂದ ಶುರುಮಾಡತೈತಿ, ಕ್ಲಾಸು ಅದನ್ನ ದಾಟಿ ಹೋಗೂದಿಲ್ಲ. ಆದ್ರ ಹತ್ತಿ ಬಿಡಿಸೂ ಹೊತ್ತಿನ್ಯಾಗ ತಿಂಗಳಗಟ್ಟಲೆ ತಪ್ಪಿಸಿದ್ರ ಯಾವ ಪದ್ಧತೀನೂ ಕಾಯೂದಿಲ್ಲ.

ತೆಲುಗು ಮನಿ ಅಂತ ಅಂಜಬ್ಯಾಡ್ರಿ. ಲಿಪಿ ಹತ್ತಿರದ್ದು, ಅದ ಅನುಕೂಲ, ಅದ ತೊಡಕು. ತಾತ ತೆಲುಗು ಪೇಪರ್ ಓದಿಸೂ ಮನ್ಯಾಗ ಹುಡುಗ್ರು ಕನ್ನಡದ ಅಡ್ಡ ತಲಿಕಟ್ಟು ಬಿಟ್ಟು ತೆಲುಗಿನ ಟಿಕ್ ಗುರುತಿನಂಥ ತಲಿಕಟ್ಟು ಹಾಕ್ತಾರ, ಕ, ತ, ಶ ಕಲಸಮೇಲೋಗರ ಆಗತಾವ. ಎರಡನೇ ವರ್ಷ ಮುಗಿಯೂ ತನಕ ಬರವಣಗಿ ಒಂದ ಲಿಪ್ಯಾಗ ಇರಲಿ, ಮಾತು ಎರಡರಾಗೂ ಇರಲಿ. ಇನ್ನೊಂದು: ಕನ್ನಡ ಮನೀ ಹುಡುಗ್ರಿಗೂ ಪುಸ್ತಕದ ಕನ್ನಡ ಪರಕೀಯಾನ. ಮನಿ ಅಂತ ಆಡಿದ್ದನ್ನ ಮನೆ ಅಂತ ಬರೀಬೇಕು, ಸಾಲಿ ಶಾಲೆ ಆಗಬೇಕು, ಹೊಕ್ಕಾನ ಅನ್ನೂದು ಹೋಗುತ್ತಾನೆ ಆಗಬೇಕು. ಉಕ್ತಲೇಖನದಾಗ ಇ, ಎ ಮತ್ತ ಸ, ಶ ತಪ್ಪು ಕಂಡ್ರ ಅದು ಕಿವಿ ಸರಿ ಕೇಳಿದ್ದಕ್ಕ ಆದ ತಪ್ಪು. ಮಾತು ತಿದ್ದಾಕ ಹೋಗಬ್ಯಾಡ್ರಿ. ಪುಸ್ತಕ ಗಟ್ಟಿಯಾಗಿ ಓದಿ ಕೇಳಿಸ್ರಿ, ತಾನ ಸರಿಯಾಗತೈತಿ.

ಒಂದು, ಎರಡನೆತ್ತಕ್ಕೆ ಮನೆಗೆಲಸ ಕೊಡೂಹಂಗಿಲ್ಲ ಅಂತ 2019ರ ಆದೇಶ ಐತಿ, ಪಾಟಿಚೀಲ 2 ಕಿಲೋ ಮೀರಬಾರದು. ದಿನಕ್ಕ ಹದಿನೈದು ನಿಮಿಷ ಓದಿಸಿದ್ರ ಸಾಕು. ಪುಟಗಟ್ಟಲೆ ಬರೆಸಿದ್ರ ಬೆರಳು ನೋಯತಾವ, ಸೀಸಕಡ್ಡಿ ಮುಷ್ಟಿಯೊಳಗ ಹಿಡಿಯೂ ಚಟ ಬೀಳತೈತಿ. ಅದನ್ನ ಬಿಡಿಸೂದು ಅಕ್ಷರ ಕಲಸೂದಕ್ಕಿಂತ ಕಷ್ಟ. ಸಾಲಿ ಶುರುವಾಗೂ ಮುಂಚೆ ಕೈಗೆ ತಯಾರಿ ಬೇಕಂದ್ರ ಶೇಂಗಾ ಸುಲಿಯಾಕ ಹಚ್ರಿ, ಹಿಟ್ಟಿನ ಉಂಡಿ ಮಾಡಸ್ರಿ, ಅಂಗಿ ಗುಂಡಿ ಹಾಕ್ಕೊಳ್ಳಾಕ ಬಿಡ್ರಿ.

ಬುತ್ತಿಗಂಟು ಉತ್ತರಿಸಿದ್ದು:

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಮಧ್ಯಾಹ್ನ ಬಿಸಿಯೂಟಕ್ಕೆ 1ರಿಂದ 5ರ ಮಕ್ಕಳ ಲೆಕ್ಕ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಾಲು 150 ಮಿಲಿ, ಜೊತೆಗೆ ರಾಗಿ ಮಾಲ್ಟ್, ಮೊಟ್ಟೆ. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು (ಮೊದಲು ಚಿಕ್ಕಿಯೂ ಇತ್ತು, 2025ರಲ್ಲಿ ನಿಲ್ಲಿಸಿದರು); ಯಾವುದು ಅನ್ನೋದನ್ನ ನೀವೇ ಮೊದಲೇ ಅಕ್ಕೋರಿಗೆ ತಿಳಿಸಬೇಕು, ಇಲ್ಲದಿದ್ದರೆ ಮಗು ಪಕ್ಕದವರನ್ನ ನೋಡಿ ಕೈ ಎತ್ತುತ್ತೆ. ಈ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾಗಿದ್ದು ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ಈ ಭಾಗದ ಏಳು ಜಿಲ್ಲೆಗಳಲ್ಲೇ.

ಬೆಳಿಗ್ಗೆ ಹೊಟ್ಟೆ ಖಾಲಿ ಕಳಿಸಬೇಡಿ. ಖಾಲಿ ಹೊಟ್ಟೆಗೆ ಹಾಲು ಕುಡಿದು ವಾಂತಿ ಮಾಡಿಕೊಂಡ ಮಗು ಮರುದಿನ ಶಾಲೆಗೆ ಬರಲ್ಲ ಅನ್ನುತ್ತೆ, ಕಾರಣ ಶಾಲೆ ಅಂತ ಮನೆಯವರು ತಿಳಿಯುತ್ತಾರೆ. ಒಗ್ಗರಣಿ ಮಂಡಕ್ಕಿ ಒಂದು ಬಟ್ಟಲು, ಇಲ್ಲ ಬಿಸಿ ರೊಟ್ಟಿ ಅರ್ಧ ಸಾಕು. ಡಬ್ಬಿ ಕಟ್ಟುವವರು ಕಡಕ್ ರೊಟ್ಟಿ ಹಾಕಬೇಡಿ, ಒಂದನೆತ್ತದ ಮಗುವಿಗೆ ಹಲ್ಲು ಬೀಳೋ ವಯಸ್ಸು. ಬಿಸಿ ಇದ್ದಾಗಲೇ ರೊಟ್ಟಿ ಮುರಿದು ಹೆಸರುಕಾಳು ಪಲ್ಯದ ರಸದಲ್ಲಿ ಕಲೆಸಿ ಕಟ್ಟಿ. ಮಾರ್ಚ್ ಬಂದ ಮೇಲೆ ಮೊಸರನ್ನ ಕಟ್ಟಬೇಡಿ, ನಮ್ಮ ಬಿಸಿಲಿಗೆ ಮಧ್ಯಾಹ್ನಕ್ಕೆ ಹುಳಿ ಹತ್ತಿರುತ್ತೆ. ನೀರಿನ ಬಾಟಲಿಯ ಮುಚ್ಚಳ ಮಗು ತಾನೇ ತೆಗೆಯುತ್ತಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ತೆಗೆಯಲಾರದ ಮಗು ನೀರು ಕುಡಿಯದೇ ತುಂಬಿದ ಬಾಟಲಿ ವಾಪಸ್ ತರುತ್ತೆ.

ನಾಕನೆತ್ತ ಉತ್ತರಿಸಿದ್ದು:

ನಲಿಕಲಿ ಬಗ್ಗೆ ಮೇಲೆ ಬರೆದದ್ದು ಸರಿ, ಆದರೆ ಅದರ ಇನ್ನೊಂದು ಮುಖ ಹೇಳಲಿಲ್ಲ. ನಲಿಕಲಿ 3ಕ್ಕೆ ನಿಲ್ಲುತ್ತೆ. 4ಕ್ಕೆ ಬಂದ ಕೂಡಲೇ ಕಾರ್ಡಿಲ್ಲ, ತಟ್ಟೆಯಿಲ್ಲ, ಕಪ್ಪು ಹಲಗೆ ನೋಡಿ ಬರಕೊಳ್ಳಬೇಕು, ಪಾಠ ಎರಡು ಮೂರು ಪುಟ ಉದ್ದ. ಮೂರು ವರ್ಷ ತನ್ನ ವೇಗದಲ್ಲಿ ಹೋದ ಮಗು ಇಲ್ಲಿ ಎಡವುತ್ತೆ. 'ಮೂರರ ತನಕ ಜಾಣೆ ಇದ್ದಳು, ನಾಕಕ್ಕೆ ದಡ್ಡಿ ಆದಳು' ಅನ್ನೋ ಮಾತು ಹುಟ್ಟೋದು ಈ ಕಾರಣಕ್ಕೆ.

ಮೂರನೇ ತರಗತಿಯ ಜನವರಿಯಲ್ಲೇ ಮನೆಯಲ್ಲಿ ಮೂರು ವಿಷಯ ನೋಡಿಕೊಳ್ಳಿ. ಮೊದಲೇ ಓದದ ಹತ್ತು ಸಾಲನ್ನ ಒತ್ತಕ್ಷರ ಸಮೇತ ತಡವರಿಸದೆ ಓದಿ, ಏನಿದೆ ಅಂತ ತನ್ನ ಮಾತಿನಲ್ಲಿ ಹೇಳಬೇಕು. 52ರಲ್ಲಿ 27 ಕಳೆಯಲು ದಶಕ ಬಿಡಿಸಬೇಕು; ಉತ್ತರ 35 ಬಂದರೆ ಮಗು ದೊಡ್ಡದರಲ್ಲಿ ಚಿಕ್ಕದು ಕಳೀತಿದೆ, ಅಂದರೆ ಸ್ಥಾನಬೆಲೆಯೇ ಕೂತಿಲ್ಲ. ಕಡ್ಡಿ ಕಟ್ಟು ಇಟ್ಟು ಒಂದು ಕಟ್ಟು ಬಿಚ್ಚಿ ತೋರಿಸಿ, ಮಗ್ಗಿ ಆಮೇಲೆ. ಮೂರನೇದು, ಗೋಡೆ ಮೇಲಿನ ಕ್ಯಾಲೆಂಡರಿನ ಸಣ್ಣ ಅಕ್ಷರ ಎಂಟು ಹತ್ತು ಅಡಿಯಿಂದ ಕಾಣುತ್ತಾ. ಹಲಗೆ ಕಾಣದ ಮಗು ಪಕ್ಕದವರ ಪುಸ್ತಕ ನೋಡಿ ಬರೀತಾ ವರ್ಷ ಕಳೆಯುತ್ತೆ. ಕಣ್ಣಿನ ತಪಾಸಣೆಗೆ ತಾಲ್ಲೂಕು ಆಸ್ಪತ್ರೆ ಸಾಕು.

ಮತ್ತೆ, ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ವ್ಯಾನಿನಲ್ಲಿ ಕಳಿಸೋ ಯೋಚನೆ ಇದ್ದರೆ, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನ ಆಸೆ ಬೇಡ. 2019ರಿಂದ ಕರ್ನಾಟಕದಲ್ಲಿ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ 25% ಸೀಟು ಸಿಗಲ್ಲ. ಪೂರ್ತಿ ಫೀಸೇ. ಅದರ ಮೇಲೆ ವ್ಯಾನು. ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಅರ್ಥವಾಗದ ಇಂಗ್ಲಿಷ್: ಮೊದಲ ಮೂರು ವರ್ಷಕ್ಕೆ ಇದು ಜಾಸ್ತಿ ಭಾರ ಅಂತ ನನ್ನ ಅಭಿಪ್ರಾಯ. ಕನ್ನಡ ಮಾಧ್ಯಮದಲ್ಲೂ ಇಂಗ್ಲಿಷ್ ಒಂದರಿಂದಲೇ ಇದೆ.

ರಗಸದಅ ಉತ್ತರಿಸಿದ್ದು:

ನಾಕನೆತ್ತದ ಮಾತು ಒಪ್ಪಿದೆ. ಒಂದ ತಿದ್ದುಪಡಿ: ಏಕೋಪಾಧ್ಯಾಯ ಸಾಲಿ ಆದ್ರ ಎಡವೂದು ಇನ್ನೂ ಜೋರು, ಯಾಕಂದ್ರ ಒಬ್ರ 1ರಿಂದ 5 ನೋಡ್ಕೋಬೇಕು, 4-5ರ ಹುಡುಗ್ರಿಗೆ "ಓದಕೋರಿ" ಅನ್ನೂದ ಆಗತೈತಿ. ಕ್ಯಾಂಪ್ ಸಾಲ್ಯಾಗ ಎಷ್ಟು ಮಂದಿ ಮಾಸ್ತರ್ ಅದಾರ ಅಂತ ಈಗ್ಲೇ ಕೇಳ್ರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಪಾಲಕರು ಹೋದ್ರ ಅತಿಥಿ ಶಿಕ್ಷಕರ ವಿಷಯ ಅಲ್ಲೇ ಎತ್ತಬಹುದು.

ಕ್ಯಾಂಪ್‌ಮನಿ ಕೇಳಿದ್ದು:

ಭಾಳ ಉಪಕಾರ. ಪತ್ರ ತಗದು ನೋಡ್ದೆ. ಮಗಳ ಹೆಸರು ಐತಿ, ಆದ್ರ ಇಂಟಿಪೇರು ಮುಂದ, ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಅವರ ಆಧಾರ್‌ಗೆ ಹೊಂದಂಗಿಲ್ಲ. ಆಧಾರ್‌ನ್ಯಾಗ ಮಗಳ ಹೆಸರು ಬರೀ ಒಂದ ಶಬ್ದ. ಯಾವುದನ್ನ ಯಾವುದಕ್ಕ ಹೊಂದಿಸೂದು? ಇನ್ನೊಂದು, ಆಂಧ್ರದಾಗ ಹುಟ್ಟಿದ್ದಕ್ಕ ಮುಂದ 371ಜೆಗೆ (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ) ತೊಂದ್ರಿ ಆಗತೈತೇನು?

ಹಾಜರಿಪುಸ್ತಕ ಉತ್ತರಿಸಿದ್ದು:

ಮಗಳ ಹೆಸರು ಜನನ ಪತ್ರದಲ್ಲಿ ಸರಿಯಾಗೇ ಇದೆ ಅನಿಸಿದರೆ ಅದನ್ನ ಮುಟ್ಟಬೇಡಿ, ಆಧಾರನ್ನೇ ಅದಕ್ಕೆ ಹೊಂದಿಸಿ. ಹೇಗೂ ಬಯೋಮೆಟ್ರಿಕ್‌ಗೆ ಹೋಗಬೇಕಲ್ಲ, ಆವತ್ತೇ ಹೆಸರೂ ಪೂರ್ತಿ ಮಾಡಿಸಿ. ಇಂಟಿಪೇರು ಮುಂದೆಯೇ ಇರಲಿ. ಶಾಲೆಯಲ್ಲೂ ಅದೇ ಕ್ರಮದಲ್ಲಿ, ಬಿಡಿಸಿ, ಇನಿಷಿಯಲ್ ಮಾಡದೆ ಬರೆಸಿ.

ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಜನನ ಪತ್ರದಲ್ಲೇ ತಿದ್ದಿಸಿಕೊಳ್ಳೋದು ಒಳ್ಳೇದು. ಆದೋನಿಯ ನೋಂದಣಿ ಕಚೇರಿಗೆ ಮೂಲ ಪತ್ರ, ಅಪ್ಪ ಅಮ್ಮನ ಆಧಾರ್, ಅಪ್ಪನ ಹತ್ತನೇ ತರಗತಿ ಅಂಕಪಟ್ಟಿ ಅಥವಾ ಟಿಸಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಒಯ್ಯಿರಿ. ಹೊಸ ಪತ್ರ ಬಂದ ಮೇಲೆ ಹಳೇದರ ಜೆರಾಕ್ಸ್ ಎಲ್ಲೂ ಕೊಡಬೇಡಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ) ಅರ್ಜಿ ಹಾಕುವಾಗ ಪಾಲಕರ ಆಧಾರ್, ಜಾತಿ-ಆದಾಯ ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಎಲ್ಲ ಕೇಳುತ್ತೆ, ಅಪ್ಪನ ಹೆಸರು ಅಲ್ಲಿ ಅಡ್ಡ ಬರುತ್ತೆ. ನಾಡಕಚೇರಿಯ ಆದಾಯ ಪತ್ರ 5 ವರ್ಷ ನಡೆಯುತ್ತೆ, ಆದ್ದರಿಂದ ಹೆಸರು ಸರಿಯಾದ ಮೇಲೇ ಮಾಡಿಸಿ.

371ಜೆ: ಹುಟ್ಟಿದ ಊರು ಒಂದೇ ಅಳತೆಯಲ್ಲ, ತಂದೆ ತಾಯಿ ಈ ಭಾಗದವರಾ, ಎಷ್ಟು ವರ್ಷದಿಂದ ಇದ್ದಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಪ್ರಮಾಣಪತ್ರ ಕೊಡೋದು ಸಹಾಯಕ ಆಯುಕ್ತರು. ಅದಕ್ಕೆ ಅಪ್ಪನ ಶಾಲೆಯ ವ್ಯಾಸಂಗ ಪತ್ರ ಈಗಲೇ ತೆಗೆಸಿಟ್ಟುಕೊಳ್ಳಿ, ಹಳೇ ಶಾಲೆಗಳಲ್ಲಿ ರಿಜಿಸ್ಟರು ಗೆದ್ದಲು ತಿಂದಿರುತ್ತೆ. ಮಗಳದ್ದೂ ಪ್ರತಿ ಶಾಲೆ ಬಿಡುವಾಗ ಟಿಸಿ ಜೊತೆ ವ್ಯಾಸಂಗ ಪತ್ರ ಬರೆಸಿಕೊಳ್ಳಿ.

ಕುಕನೂರು ದಾರಿ ಉತ್ತರಿಸಿದ್ದು:

ನಾಕನೇ ಪ್ರಶ್ನೆ ಉಳಿದಿದೆ. 5 ಮುಗಿದ ಮೇಲೆ ಹಿರಿಯ ಪ್ರಾಥಮಿಕ ಶಾಲೆಗೆ ಟಿಸಿ. ಕಾಗದದ ಟಿಸಿ ಕೈಗೆ ಬಂದರೆ ಸಾಲದು, ಸ್ಯಾಟ್ಸ್‌ನಲ್ಲೂ ಹಳೇ ಶಾಲೆ ಬಿಡುಗಡೆ ಮಾಡಬೇಕು, ಹೊಸ ಶಾಲೆ ಸೇರಿಸಿಕೊಳ್ಳಬೇಕು. ಎರಡರಲ್ಲೂ ಆಗಿದೆಯಾ ಅಂತ ಜೂನ್ ಮುಗಿಯೋದರೊಳಗೆ ಕೇಳಿ, ಇಲ್ಲದಿದ್ದರೆ ಹೊಸ ಶಾಲೆಯ ಪುಸ್ತಕ, ಸಮವಸ್ತ್ರದ ಲೆಕ್ಕದಲ್ಲಿ ಮಗಳ ಹೆಸರೇ ಇರಲ್ಲ. ಟಿಸಿ ತಡವಾಯಿತು ಅಂತ ಹೊಸ ಶಾಲೆ ಪ್ರವೇಶ ನಿಲ್ಲಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ.

ಇದಲ್ಲದೆ 6ಕ್ಕೆ ಪ್ರವೇಶ ಪರೀಕ್ಷೆ ಬರೆದು ಹೋಗುವ ದಾರಿಗಳಿವೆ: ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯ, ನವೋದಯ (ಕೇಂದ್ರ ಸರ್ಕಾರದ ವಸತಿ ಶಾಲೆ). ರಾಯಚೂರು ಜಿಲ್ಲೆಯ ನವೋದಯ ಮುದಗಲ್ಲಿನಲ್ಲಿ, ಕೊಪ್ಪಳದ್ದು ಕುಕನೂರಿನಲ್ಲಿ. ನವೋದಯದ ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ: ಮಾನಸಿಕ ಸಾಮರ್ಥ್ಯ 40 ಪ್ರಶ್ನೆ, ಗಣಿತ 20, ಭಾಷೆ 20. ಕನ್ನಡದಲ್ಲೇ ಬರೆಯಬಹುದು. ಅವಕಾಶ ಒಂದೇ ಸಲ.

ನಿಮಗೆ ಈಗಲೇ ಬೇಕಾದ ಮಾತು ಇದು: ನವೋದಯದ 75% ಸೀಟು ಗ್ರಾಮೀಣ ಮಕ್ಕಳಿಗೆ, ಅದಕ್ಕೆ 3, 4, 5 ಮೂರೂ ವರ್ಷ ಹಳ್ಳಿಯ ಶಾಲೆಯಲ್ಲೇ ಪೂರ್ತಿ ಓದಿರಬೇಕು. 5ನ್ನ ಅರ್ಜಿ ಹಾಕುವ ಜಿಲ್ಲೆಯಲ್ಲೇ ಓದಬೇಕು. 4ಕ್ಕೆ ಕಷ್ಟವಾಯಿತು ಅಂತ ಸಿಂಧನೂರು ಪಟ್ಟಣದ ಶಾಲೆಗೆ ಬದಲಿಸಿದರೆ ಗ್ರಾಮೀಣ ಕೋಟಾ ಹೋಯಿತು. ನದಿ ದಾಟಿ ಸಿರುಗುಪ್ಪ ಕಡೆ ಸಂಬಂಧಿಕರ ಮನೆಯಲ್ಲಿ ಇಟ್ಟು 5 ಓದಿಸಿದರೆ ಜಿಲ್ಲೆ ಬಳ್ಳಾರಿಯಾಗುತ್ತೆ, ರಾಯಚೂರಿನ ಸೀಟಿಗೆ ಅರ್ಜಿ ಹಾಕಲು ಬರಲ್ಲ. ಶಾಲೆ ಬದಲಿಸುವುದಿದ್ದರೆ 3 ಶುರುವಾಗುವ ಮುಂಚೆ, ಇನ್ನೊಂದು ಹಳ್ಳಿಯ ಶಾಲೆಗೆ, ಜಿಲ್ಲೆಯೊಳಗೇ ಬದಲಿಸಿ.